ಬಾವಿ ನೀರು, ಗುಡ್ಡೆಯ ಮಣ್ಣು, ಮೆಣಸು, ಅಡಿಕೆ: ದ್ರಾವಕದಿಂದ ಸಾರ ತೆಗೆದು ಮಾದರಿ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಸಾರದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಗ್ಯಾಸ್ ಕ್ರೊಮಟೋಗ್ರಾಫ್ ಎಷ್ಟೇ ದುಬಾರಿಯದಿರಲಿ, ಅದಕ್ಕೆ ಕಾಣುವುದು ನಾವು ಸೂಜಿಯಲ್ಲಿ ಕೊಟ್ಟ ಒಂದೆರಡು ಮೈಕ್ರೋಲೀಟರ್ ಸಾರ ಮಾತ್ರ. ಸಾರಕ್ಕೆ ಬಾರದೆ ನೀರಿನಲ್ಲೇ, ಮಣ್ಣಿನಲ್ಲೇ ಉಳಿದುಹೋದದ್ದೆಲ್ಲ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದೇ ದಾಖಲಾಗುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಸರಗೋಡಿನಂಥ ಜಿಲ್ಲೆಯಲ್ಲಿ ಹಾಗೊಂದು ತಪ್ಪು ದಾಖಲೆ ಸಣ್ಣ ವಿಷಯವಲ್ಲ. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗಳ ಮತ್ತು ಲ್ಯಾಬ್ ಸಿಬ್ಬಂದಿಯ ಕೈಗೆ ಬರುವ ಮಾದರಿಗಳನ್ನೇ ಇಟ್ಟುಕೊಂಡು ಹೇಳಿದ್ದೇವೆ: ಬಾವಿ ಮತ್ತು ಸುರಂಗದ ನೀರು, ಮುರಕಲ್ಲು (ಲ್ಯಾಟರೈಟ್) ಗುಡ್ಡೆಯ ಮಣ್ಣು, ಕಾಳುಮೆಣಸು, ಅಡಿಕೆ, ಕೊಬ್ಬರಿ.

ದ್ರಾವಕದ ಆಯ್ಕೆ ಮತ್ತು ಒಂದು ಲೆಕ್ಕ

ನೀರಿನ ಜೊತೆ ಬೆರೆಯದ ದ್ರಾವಕವನ್ನು ಹಾಕಿ ಕುಲುಕಿದಾಗ ಬೇಕಾದ ವಸ್ತು ಎರಡೂ ಪದರಗಳ ನಡುವೆ ಹಂಚಿಕೊಳ್ಳುತ್ತದೆ. ದ್ರಾವಕದಲ್ಲಿನ ಸಾಂದ್ರತೆಯನ್ನು ನೀರಿನಲ್ಲಿನ ಸಾಂದ್ರತೆಯಿಂದ ಭಾಗಿಸಿದರೆ ಸಿಗುವುದು ಹಂಚಿಕೆಯ ಅನುಪಾತ. ಇದು 10 ಇದೆ ಎನ್ನೋಣ. 100 ಮಿ.ಲೀ. ನೀರಿಗೆ 90 ಮಿ.ಲೀ. ದ್ರಾವಕವನ್ನು ಒಂದೇ ಸಲ ಹಾಕಿದರೆ ನೀರಿನಲ್ಲಿ ಉಳಿಯುವುದು 100 ಭಾಗಿಸು (100 + 10 × 90), ಅಂದರೆ ಶೇ. 10. ಅದೇ 90 ಮಿ.ಲೀ.ಯನ್ನು 30ರಂತೆ ಮೂರು ಸಲ ಹಾಕಿದರೆ ಪ್ರತಿ ಸಲ ನಾಲ್ಕನೇ ಒಂದು ಭಾಗ ಉಳಿಯುತ್ತದೆ; ಮೂರು ಸಲಕ್ಕೆ 64ರಲ್ಲಿ ಒಂದು ಭಾಗ, ಸುಮಾರು ಶೇ. 1.6. ದ್ರಾವಕದ ಖರ್ಚು ಒಂದೇ, ಸಿಗುವ ಫಲ ಬೇರೆ. ವಿಧಾನದಲ್ಲಿ ‘ಮೂರು ಸಲ’ ಎಂದಿದ್ದಾಗ ಸಮಯ ಉಳಿಸಲು ಒಂದೇ ಸಲ ಮುಗಿಸುವವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಹೆಕ್ಸೇನ್ ನೀರಿಗಿಂತ ಹಗುರ (ಸಾಂದ್ರತೆ 0.66), ಮೇಲೆ ನಿಲ್ಲುತ್ತದೆ. ಡೈಕ್ಲೋರೋಮೀಥೇನ್ (1.33) ಮತ್ತು ಕ್ಲೋರೋಫಾರ್ಮ್ (1.49) ಕೆಳಗೆ ಕೂರುತ್ತವೆ. ಹೆಕ್ಸೇನ್ ಎಣ್ಣೆ, ಮೇಣ, ಕ್ಲೋರಿನ್ ಇರುವ ಹಳೆಯ ಕೀಟನಾಶಕಗಳನ್ನು ಚೆನ್ನಾಗಿ ಎಳೆಯುತ್ತದೆ; ಸ್ವಲ್ಪ ಧ್ರುವೀಯವಾದ ವಸ್ತುಗಳನ್ನು ಬಿಟ್ಟುಬಿಡುತ್ತದೆ. ಎರಡನ್ನೂ ತರಬಲ್ಲದ್ದು ಡೈಕ್ಲೋರೋಮೀಥೇನ್. ಅದು ಕುದಿಯುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಆವಿ ಮಾಡಲು ಇದು ಅನುಕೂಲ, ಏಪ್ರಿಲ್–ಮೇ ಸೆಕೆಯಲ್ಲಿ ಬೇರ್ಪಡಿಸುವ ಆಲಿಕೆಯ (ಸೆಪರೇಟರಿ ಫನಲ್) ಒಳಗೆ ಒತ್ತಡ ಏರುವುದಕ್ಕೂ ಇದೇ ಕಾರಣ. ಬಾಟಲಿಯನ್ನು ಬಳಸುವ ಮೊದಲು ಅರ್ಧ ಗಂಟೆ ತಂಪು ಜಾಗದಲ್ಲಿ ಇಡಿ, ಕೆಲಸವನ್ನು ಫ್ಯೂಮ್ ಹುಡ್‌ನಲ್ಲಿ ಮಾಡಿ. ಮಾಮೂಲಿ ನೈಟ್ರೈಲ್ ಕೈಗವಸನ್ನು ಈ ದ್ರಾವಕ ನಿಮಿಷಗಳಲ್ಲೇ ದಾಟುತ್ತದೆ. ಮೇಲೆ ಚೆಲ್ಲಿದ ಕೂಡಲೇ ಕೈಗವಸು ಬದಲಿಸಬೇಕು.

ಬಾವಿ ನೀರು: ಬೇರ್ಪಡಿಸುವ ಆಲಿಕೆಯಲ್ಲಿ

ಕೆಲಸ ಬಾವಿಕಟ್ಟೆಯಲ್ಲೇ ಶುರುವಾಗುತ್ತದೆ. ಕಂದುಬಣ್ಣದ 1 ಲೀಟರ್ ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ. ಪ್ಲಾಸ್ಟಿಕ್ ಬಾಟಲಿ ಎರಡು ರೀತಿಯಲ್ಲಿ ಕೆಡಿಸುತ್ತದೆ: ಕೀಟನಾಶಕವನ್ನು ತಾನು ಹೀರಿಕೊಳ್ಳುತ್ತದೆ, ತನ್ನ ಥ್ಯಾಲೇಟುಗಳನ್ನು (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕಗಳು) ನೀರಿಗೆ ಬಿಡುತ್ತದೆ. ಬಾಟಲಿಯನ್ನು ಅದೇ ನೀರಿನಿಂದ ಮೊದಲು ತೊಳೆಯುವ ಅಭ್ಯಾಸ ಬಹಳ ಜನರಿಗಿದೆ; ಈ ವಿಶ್ಲೇಷಣೆಗೆ ಅದು ಬೇಡ. ನೀರಿನಲ್ಲಿ ಕರಗಲೊಲ್ಲದ ವಸ್ತು ಗಾಜಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ತುಂಬಿದ ನೀರಿನ ಲೆಕ್ಕಕ್ಕೆ ಅದೂ ಸೇರುತ್ತದೆ.

ಮಾದರಿಯನ್ನು 4 ಡಿಗ್ರಿಯಲ್ಲಿ ಇಟ್ಟು 7 ದಿನದೊಳಗೆ ಸಾರ ತೆಗೆಯಿರಿ. ತೆಗೆದ ಸಾರವನ್ನು 40 ದಿನದೊಳಗೆ ಯಂತ್ರಕ್ಕೆ ಹಾಕಬಹುದು. ಪಂಚಾಯತಿನ ನಳ್ಳಿನೀರಾದರೆ ಉಳಿಕೆ ಕ್ಲೋರಿನ್ ತೆಗೆಯಲು ಲೀಟರಿಗೆ 80 ಮಿ.ಗ್ರಾಂ. ಸೋಡಿಯಂ ಥಯೋಸಲ್ಫೇಟನ್ನು ಬಾಟಲಿಯಲ್ಲಿ ಮೊದಲೇ ಹಾಕಿಡಬೇಕು. ಪಿಎಚ್ 5ರಿಂದ 9ರ ನಡುವೆ ಇರಲಿ. ಮುರಕಲ್ಲಿನ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಅದರಿಂದ ತೊಂದರೆಯಿಲ್ಲ. ಆದರೆ ಬಾವಿಗೆ ಸುಣ್ಣವನ್ನೋ ಬ್ಲೀಚಿಂಗ್ ಪೌಡರನ್ನೋ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ಕ್ಷಾರದಲ್ಲಿ ಎಂಡೋಸಲ್ಫಾನ್ ಒಡೆದು ಡಯೋಲ್ ಎಂಬ ಬೇರೆ ವಸ್ತು ಆಗುತ್ತದೆ. ಲ್ಯಾಬ್ ತಲುಪುವಷ್ಟರಲ್ಲಿ ಹುಡುಕುವ ವಸ್ತುವೇ ಇರುವುದಿಲ್ಲ.

ಇನ್ನು ಸಾರ ತೆಗೆಯುವುದು:

1. ಬಾಟಲಿಯ ಹೊರಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಇಡೀ ನೀರನ್ನು 2 ಲೀಟರ್ ಆಲಿಕೆಗೆ ಸುರಿಯಿರಿ. ಅಳತೆ ಜಾಡಿಯಲ್ಲಿ ಅಳೆಯಲು ಹೋಗಬೇಡಿ. ಕೆಲಸ ಮುಗಿದ ಮೇಲೆ ಖಾಲಿ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಅಳೆದರೆ ಸಾಕು.
2. ಕೆಲಸದ ನಡುವೆ ಎಷ್ಟು ಕಳೆದುಹೋಯಿತೆಂದು ತಿಳಿಯಲು ಗೊತ್ತಿರುವ ಪ್ರಮಾಣದಲ್ಲಿ ಹಾಕುವ ಸರೊಗೇಟ್ ದ್ರಾವಣವನ್ನು (ಟೆಟ್ರಾಕ್ಲೋರೋ ಮೆಟಾ ಕ್ಸೈಲೀನ್ ಮತ್ತು ಡೆಕಾಕ್ಲೋರೋಬೈಫಿನೈಲ್) ಈಗಲೇ ನೀರಿಗೆ ಸೇರಿಸಿ.
3. 60 ಮಿ.ಲೀ. ಡೈಕ್ಲೋರೋಮೀಥೇನನ್ನು ಮೊದಲು ಖಾಲಿ ಬಾಟಲಿಗೆ ಹಾಕಿ, ಗೋಡೆಯನ್ನೆಲ್ಲ ತೊಳೆದು, ಅದನ್ನೇ ಆಲಿಕೆಗೆ ಸುರಿಯಿರಿ.
4. ಬಿರಡೆ ಹಾಕಿ ತಲೆಕೆಳಗು ಮಾಡಿ, ಕೊಳವೆಯ ತುದಿ ಯಾರ ಮುಖದ ಕಡೆಗೂ ಇಲ್ಲದಂತೆ ಹಿಡಿದು, ಕುಲುಕುವ ಮೊದಲೇ ಒಮ್ಮೆ ನಲ್ಲಿ ತೆರೆದು ಆವಿ ಬಿಡಿ. ಎರಡು ಸಲ ಮೆಲ್ಲಗೆ ಕುಲುಕಿ, ಮತ್ತೆ ಆವಿ ಬಿಡಿ. ‘ಬುಸ್’ ಎಂಬ ಸದ್ದು ನಿಂತ ಮೇಲೆಯೇ ಪೂರ್ಣ 2 ನಿಮಿಷ ಕುಲುಕಬೇಕು.
5. 10 ನಿಮಿಷ ಬಿಡಿ. ಮೇಲಿನ ಬಿರಡೆ ತೆಗೆದು ಕೆಳಗಿನ ಪದರವನ್ನು ಶಂಕುಕುಪ್ಪಿಗೆ ಇಳಿಸಿ. ಮೊದಲ ಸಲ ಹಾಕಿದ್ದಕ್ಕಿಂತ 10–15 ಮಿ.ಲೀ. ಕಡಿಮೆ ಬರುತ್ತದೆ; ಅಷ್ಟು ದ್ರಾವಕ ನೀರಿನಲ್ಲೇ ಕರಗಿರುತ್ತದೆ, ಗಾಬರಿ ಬೇಡ.
6. ಇನ್ನೂ ಎರಡು ಸಲ 60 ಮಿ.ಲೀ.ಯಂತೆ. ಮೂರನ್ನೂ ಒಂದೇ ಕುಪ್ಪಿಗೆ.

ಯಾವ ಪದರ ಯಾವುದೆಂಬ ಸಂಶಯ ಬಂದರೆ ಒಂದೆರಡು ಹನಿ ನೀರು ಬಿಟ್ಟು ನೋಡಿ. ಅದು ಸೇರಿಕೊಂಡ ಪದರ ನೀರು. ಯಾವ ಪದರವನ್ನೂ ಫಲಿತಾಂಶ ಬರುವವರೆಗೆ ಚೆಲ್ಲಬೇಡಿ. ಗಾಜಿನ ನಲ್ಲಿಗೆ ಗ್ರೀಸ್ ಹಚ್ಚಿದ ಆಲಿಕೆ ಈ ಕೆಲಸಕ್ಕೆ ಬೇಡವೇ ಬೇಡ, ಟೆಫ್ಲಾನ್ ನಲ್ಲಿಯದನ್ನೇ ಬಳಸಿ.

ಮಳೆಗಾಲದ ಕೆಂಪುನೀರಿನಲ್ಲಿ, ಎಲೆ ಕೊಳೆತ ಕೆರೆಯ ನೀರಿನಲ್ಲಿ ಎಮಲ್ಷನ್ ಕಾಟ ತಪ್ಪಿದ್ದಲ್ಲ. ಎರಡು ಪದರಗಳ ನಡುವೆ ಮಜ್ಜಿಗೆ ಕಡೆದಾಗಿನ ನೊರೆಯಂಥ ದಪ್ಪ ಪಟ್ಟಿ ನಿಂತುಬಿಡುತ್ತದೆ. ನುಣ್ಣನೆಯ ಜೇಡಿಕಣ ಮತ್ತು ಹ್ಯೂಮಿಕ್ ವಸ್ತು ದ್ರಾವಕದ ಹನಿಗಳನ್ನು ಸುತ್ತುವರಿದು ಒಂದಕ್ಕೊಂದು ಸೇರಲು ಬಿಡುವುದಿಲ್ಲ. ಪಟ್ಟಿಯ ದಪ್ಪ ದ್ರಾವಕ ಪದರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಸುಮ್ಮನೆ ಕಾಯುವುದರಿಂದ ಪ್ರಯೋಜನವಿಲ್ಲ. ಗಾಜಿನ ಕಡ್ಡಿಯಿಂದ ಮೆಲ್ಲಗೆ ಕಲಕಿ. ಆಗದಿದ್ದರೆ ಕಾಯಿಸಿ ಶುದ್ಧಗೊಳಿಸಿದ ಉಪ್ಪು (ಸೋಡಿಯಂ ಕ್ಲೋರೈಡ್) ಸ್ವಲ್ಪ ಹಾಕಿ. ಆಗಲೂ ಬಗ್ಗದಿದ್ದರೆ ಆ ಪಟ್ಟಿಯನ್ನು ಮಾತ್ರ ಗಾಜಿನ ಸೆಂಟ್ರಿಫ್ಯೂಜ್ ಕೊಳವೆಗೆ ಇಳಿಸಿ ತಿರುಗಿಸಿ. ದ್ರಾವಕದಿಂದ ತೊಳೆದ ಗಾಜಿನ ಅರಳೆಯ ಮೂಲಕ ಹಾಯಿಸುವುದೂ ಕೆಲಸ ಮಾಡುತ್ತದೆ. ಇಂಥ ನೀರೆಂದು ಮೊದಲೇ ಗೊತ್ತಿದ್ದರೆ ಜೋರಾಗಿ ಕುಲುಕುವ ಬದಲು ನಿಧಾನವಾಗಿ ತಲೆಕೆಳಗು–ಮೇಲು ಮಾಡುತ್ತ ಹೆಚ್ಚು ಹೊತ್ತು ತೆಗೆದುಕೊಳ್ಳಿ. ಎಮಲ್ಷನ್ನನ್ನು ನೀರಿನ ಜೊತೆ ಚೆಲ್ಲುವುದೆಂದರೆ ಸಾರದ ಒಂದು ಪಾಲನ್ನೇ ಚೆಲ್ಲಿದಂತೆ.

ನೀರಿನಂಶ ತೆಗೆಯುವುದು, ಕುಗ್ಗಿಸುವುದು

ಸಾರ ಅತಿ ಹೆಚ್ಚು ಕಳೆದುಹೋಗುವುದು ಈ ಹಂತದಲ್ಲಿ. ಸೋಡಿಯಂ ಸಲ್ಫೇಟನ್ನು ಮೊದಲೇ 400 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿ, ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಇಟ್ಟಿರಬೇಕು. ಜುಲೈ ತಿಂಗಳಲ್ಲಿ ಭರಣಿಯನ್ನು ಹತ್ತು ನಿಮಿಷ ತೆರೆದಿಟ್ಟರೂ ಅದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಹರಳು ಉದುರುದುರಾಗಿ ಓಡಾಡುತ್ತಿದ್ದರೆ ಸರಿ, ಉಂಡೆ ಕಟ್ಟಿದ್ದರೆ ಮತ್ತೆ ಕಾಯಿಸಿ. 10 ಸೆಂ.ಮೀ. ಎತ್ತರದ ಸಲ್ಫೇಟ್ ಕಂಬದ ಮೂಲಕ ಸಾರವನ್ನು ಹಾಯಿಸಿ, ಆಮೇಲೆ 20–30 ಮಿ.ಲೀ. ಹೊಸ ದ್ರಾವಕದಿಂದ ಕಂಬವನ್ನು ತೊಳೆದು ಅದನ್ನೂ ಸೇರಿಸಿ.

ರೋಟರಿ ಇವಾಪೊರೇಟರಿನ ನೀರಿನ ತೊಟ್ಟಿ 35–40 ಡಿಗ್ರಿ ಮೀರದಿರಲಿ. 2–3 ಮಿ.ಲೀ. ಉಳಿದಾಗ ನಿಲ್ಲಿಸಿ 50 ಮಿ.ಲೀ. ಹೆಕ್ಸೇನ್ ಹಾಕಿ ಮತ್ತೆ ಕುಗ್ಗಿಸಿ. ಇದನ್ನು ಬಿಡುವಂತಿಲ್ಲ: ಯಂತ್ರದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಕ್ಲೋರಿನ್ ಇರುವ ಯಾವುದಕ್ಕೂ ಸ್ಪಂದಿಸುತ್ತದೆ, ಉಳಿದ ಡೈಕ್ಲೋರೋಮೀಥೇನ್ ಅದನ್ನು ಗಂಟೆಗಟ್ಟಲೆ ಕುರುಡು ಮಾಡುತ್ತದೆ. ಕೊನೆಗೆ ಸಾರಜನಕದ ತೆಳು ಊದಿನಲ್ಲಿ 1 ಮಿ.ಲೀ.ಗೆ ತನ್ನಿ. ದ್ರಾವಕದ ಮೇಲ್ಮೈಯಲ್ಲಿ ಸಣ್ಣ ಕುಳಿ ಬೀಳುವಷ್ಟು ಊದಿದರೆ ಸಾಕು, ಚಿಮ್ಮಬಾರದು. ಪೂರ್ತಿ ಒಣಗಿಸಿದರೆ ಆವಿಯಾಗುವ ವಸ್ತುಗಳು ಗಾಳಿಪಾಲು. ಉಳಿದದ್ದು ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಣ್ತಪ್ಪುವ ಭಯವಿದ್ದರೆ ನಿಧಾನವಾಗಿ ಆರುವ ಐಸೊ ಆಕ್ಟೇನ್ ಅರ್ಧ ಮಿ.ಲೀ. ಮೊದಲೇ ಹಾಕಿಡಿ.

ಗುಡ್ಡೆಯ ಮಣ್ಣು: ಸಾಕ್ಸ್‌ಲೆಟ್

ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಹಾಲಿನ ಕೊಬ್ಬು ಅಳೆಯಲು ಮಾಡಿದ ಉಪಕರಣ ಮಣ್ಣಿಗೆ ಇಂದಿಗೂ ನೆಚ್ಚಿನದು. ಮಣ್ಣನ್ನು ಓವನ್ನಿನಲ್ಲಿ ಒಣಗಿಸಬೇಡಿ, ನೆರಳಿನಲ್ಲಿ ಆರಿಸಿ 2 ಮಿ.ಮೀ. ಜರಡಿ ಹಿಡಿಯಿರಿ. ತೇವಾಂಶ ತಿಳಿಯಲು ಬೇರೆಯೇ ಒಂದು ಪಾಲನ್ನು 105 ಡಿಗ್ರಿಯಲ್ಲಿ ಒಣಗಿಸಿದರಾಯಿತು. 10 ಗ್ರಾಂ ಮಣ್ಣಿಗೆ 10 ಗ್ರಾಂ ಸೋಡಿಯಂ ಸಲ್ಫೇಟ್ ಬೆರೆಸಿ. ಕೈಯಲ್ಲಿ ಹಿಡಿದರೆ ಉದುರಬೇಕು. ಅಂಟುತ್ತಿದ್ದರೆ ಇನ್ನೂ ಸಲ್ಫೇಟ್ ಬೇಕು. ಸರೊಗೇಟನ್ನು ಮಣ್ಣಿನ ಮೇಲೆಯೇ ಹಾಕಿ.

ಥಿಂಬಲ್ (ಮಾದರಿ ಹಾಕುವ ಸೋಸುಕಾಗದದ ಕೊಳವೆ) ತುಂಬುವಾಗ ಒಂದು ಎಚ್ಚರ: ಮಣ್ಣಿನ ಮೇಲ್ಮಟ್ಟ ಸೈಫನ್ ಕೊಳವೆಯ ಬಾಗಿಗಿಂತ ಕೆಳಗಿರಬೇಕು. ಮೇಲಿದ್ದರೆ ಆ ಭಾಗ ಎಂದೂ ದ್ರಾವಕದಲ್ಲಿ ಮುಳುಗುವುದಿಲ್ಲ. ಮೇಲೊಂದು ಗಾಜಿನ ಅರಳೆಯ ಮುಚ್ಚಿಗೆ. 500 ಮಿ.ಲೀ. ಕುಪ್ಪಿಯಲ್ಲಿ 300 ಮಿ.ಲೀ. ಹೆಕ್ಸೇನ್–ಅಸಿಟೋನ್ (ಸಮಪಾಲು) ಮತ್ತು ಎರಡು ಕುದಿಯುವ ಚೂರು. ಹೆಕ್ಸೇನ್ ಒಂದೇ ಸಾಲದು. ಜೇಡಿಕಣಗಳಿಗೆ ಅಂಟಿದ ನೀರಿನ ಪೊರೆಯನ್ನು ಅದು ದಾಟಲಾರದು. ಅಸಿಟೋನ್ ಆ ಪೊರೆಯೊಳಗೆ ಇಳಿದು ಹೆಕ್ಸೇನಿಗೆ ದಾರಿ ಮಾಡಿಕೊಡುತ್ತದೆ.

ಗಂಟೆಗೆ 4ರಿಂದ 6 ಸೈಫನ್ (ದ್ರಾವಕ ತುಂಬಿ ಕುಪ್ಪಿಗೆ ಇಳಿಯುವ ಸುತ್ತು), 16ರಿಂದ 24 ಗಂಟೆ. ಕಂಡೆನ್ಸರಿಗೆ ಟೆರೇಸಿನ ಟ್ಯಾಂಕಿನ ನೀರು ಕೊಟ್ಟರೆ ಏಪ್ರಿಲ್ ಮಧ್ಯಾಹ್ನದಲ್ಲಿ ಆ ನೀರೇ ಬಿಸಿಯಿರುತ್ತದೆ. ದ್ರಾವಕ ಮೇಲಿನಿಂದ ಹಾರಿಹೋಗಿ ಬೆಳಿಗ್ಗೆ ಕುಪ್ಪಿ ಒಣಗಿರುವುದೇ ಇದರಿಂದ. ಬಕೆಟ್, ಮಂಜುಗಡ್ಡೆ, ಸಣ್ಣ ಪಂಪು ಇಟ್ಟು ನೀರನ್ನು ಸುತ್ತಿಸುವುದು ಸುಲಭ ಪರಿಹಾರ. ಕರೆಂಟು ಹೋದರೆ ಮಾದರಿ ಕೆಡುವುದಿಲ್ಲ, ಸಮಯದ ಲೆಕ್ಕ ಮಾತ್ರ ಕೆಡುತ್ತದೆ. ಹಾಗಾಗಿ ಗಂಟೆಯ ಬದಲು ಸೈಫನ್ ಎಣಿಸಿ, 64ಕ್ಕಿಂತ ಕಡಿಮೆ ಆಗದಿರಲಿ. ಕರೆಂಟು ಮರಳಿದಾಗ ಹೊಸ ಕುದಿಯುವ ಚೂರು ಹಾಕಲೇಬೇಕು, ಆದರೆ ದ್ರಾವಕ ಪೂರ್ತಿ ತಣ್ಣಗಿರುವಾಗ; ಹಳೆಯ ಚೂರಿನ ರಂಧ್ರಗಳು ಆಗಲೇ ತುಂಬಿರುತ್ತವೆ, ಬಿಸಿ ದ್ರಾವಕಕ್ಕೆ ಹೊಸದನ್ನು ಹಾಕಿದರೆ ಉಕ್ಕಿ ಚಿಮ್ಮುತ್ತದೆ.

ಗದ್ದೆ, ಕೆರೆಯ ಕೆಸರಾದರೆ ಸಾರದಲ್ಲಿ ಗಂಧಕವೂ ಬರುತ್ತದೆ. ಆಮ್ಲದಲ್ಲಿ ತೊಳೆದು ಹೊಳಪು ತಂದ ತಾಮ್ರದ ಪುಡಿಯ ಜೊತೆ ಕುಲುಕಿದರೆ ತಾಮ್ರ ಕಪ್ಪಾಗುತ್ತದೆ. ಕಪ್ಪಾಗುವುದು ನಿಲ್ಲುವವರೆಗೆ ಮುಂದುವರಿಸಿ.

ಆಮೇಲೆ ಶುದ್ಧೀಕರಣ. ಸಾಂದ್ರ ಸಲ್ಫ್ಯೂರಿಕ್ ಆಮ್ಲದಿಂದ ತೊಳೆಯುವ ವಿಧಾನ ಪಿಸಿಬಿಗಳಿಗೆ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಸರಿ. ಎಂಡೋಸಲ್ಫಾನನ್ನು ಅದು ನಾಶಮಾಡುತ್ತದೆ. ಇಲ್ಲಿ ಬೇಕಾದ್ದು ಫ್ಲೋರಿಸಿಲ್ (ಮೆಗ್ನೀಸಿಯಂ ಸಿಲಿಕೇಟ್ ಪುಡಿ) ಕಂಬ: 130 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿದ 20 ಗ್ರಾಂ, ಮೇಲೆ ಒಂದೆರಡು ಸೆಂ.ಮೀ. ಸೋಡಿಯಂ ಸಲ್ಫೇಟ್. ಹೆಕ್ಸೇನಿನಲ್ಲಿ ಈಥರ್ ಶೇ. 6, ಶೇ. 15, ಶೇ. 50 ಇರುವ ಮಿಶ್ರಣಗಳನ್ನು ಕ್ರಮವಾಗಿ 200 ಮಿ.ಲೀ.ಯಂತೆ ಹಾಯಿಸಬೇಕು. ಆಲ್ಫಾ ಎಂಡೋಸಲ್ಫಾನ್ 6 ಮತ್ತು 15 ಎರಡರಲ್ಲೂ ಹಂಚಿಹೋಗುತ್ತದೆ. ಬೀಟಾದ ಬಹುಪಾಲು, ಎಂಡೋಸಲ್ಫಾನ್ ಸಲ್ಫೇಟ್ ಇಡಿಯಾಗಿ, ಶೇ. 50ರ ಪಾಲಿನಲ್ಲಿ ಬರುತ್ತವೆ.

ಈ ಕೊನೆಯ ಪಾಲು ಬಣ್ಣ ಬಣ್ಣವಾಗಿ, ಕೊಳಕಾಗಿ ಕಾಣುತ್ತದೆಂದು ಬಿಟ್ಟುಬಿಡುವ ಲ್ಯಾಬುಗಳಿವೆ. ಇದು ಶುದ್ಧ ಅವಿವೇಕ. ಮಾರುಕಟ್ಟೆಯ ಎಂಡೋಸಲ್ಫಾನ್ ಆಲ್ಫಾ ಮತ್ತು ಬೀಟಾ ಸುಮಾರು 7:3ರ ಮಿಶ್ರಣವಾಗಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅವೆರಡನ್ನೂ ಎಂಡೋಸಲ್ಫಾನ್ ಸಲ್ಫೇಟಾಗಿ ಬದಲಿಸುತ್ತವೆ, ಮತ್ತು ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವುದು ಅದೇ. ಭಾರತದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ, ಇಲ್ಲಿ ಸಿಂಪಡಣೆ ನಿಂತದ್ದು ಅದಕ್ಕೂ ಹತ್ತು ವರ್ಷ ಮೊದಲು. ಎಣ್ಮಕಜೆಯ ಹಳೆಯ ಗೇರುತೋಟದ ಮಣ್ಣಿನಲ್ಲಿ ಇಂದು ಆಲ್ಫಾ, ಬೀಟಾಗಳನ್ನಷ್ಟೇ ಹುಡುಕಿ ಸಲ್ಫೇಟನ್ನು ಬಿಟ್ಟ ವರದಿಗೆ ಬೆಲೆಯಿಲ್ಲ. ಫ್ಲೋರಿಸಿಲ್ ತೇವ ಹೀರಿದರೆ ಎಲ್ಲವೂ ಒಂದು ಪಾಲು ಮೊದಲೇ ಇಳಿದುಬರುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಪ್ರತಿ ಹೊಸ ಕಂತಿಗೂ ಪ್ರಮಾಣಿತ ದ್ರಾವಣ ಹಾಯಿಸಿ ಯಾವುದು ಎಲ್ಲಿ ಬರುತ್ತದೆಂದು ನೋಡಿಕೊಳ್ಳಿ. ಈಥರ್ ಬಾಟಲಿಯನ್ನು ತೆರೆದ ಮೇಲೆ ಪೆರಾಕ್ಸೈಡ್ ಪರೀಕ್ಷೆಯ ಪಟ್ಟಿ ಅದ್ದಿ ನೋಡದೆ ಬಳಸಬೇಡಿ.

ಕೊಬ್ಬರಿಯ ಎಣ್ಣೆಯಂಶಕ್ಕೂ ಇದೇ ಉಪಕರಣ, ಕೆಲಸ ಬಹಳ ಸರಳ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಪಾತ್ರೆಗೇ ಮೆತ್ತಿಕೊಳ್ಳುತ್ತದೆ. ತೆಳ್ಳಗೆ ತುರಿದು, 5 ಗ್ರಾಂ ತೂಗಿ, ತೊಳೆದ ಮರಳಿನ ಜೊತೆ ಅರೆದು ಥಿಂಬಲಿಗೆ ಹಾಕಿ. 40–60 ಡಿಗ್ರಿಯ ಪೆಟ್ರೋಲಿಯಂ ಈಥರಿನಲ್ಲಿ 6–8 ಗಂಟೆ. ಕುಪ್ಪಿಯನ್ನು 100 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಿ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಶೇ. 65ರ ಸುತ್ತಮುತ್ತ ಬರಬೇಕು. 50 ಬಂದರೆ ತುಂಡು ದಪ್ಪವಿತ್ತು ಇಲ್ಲವೇ ಕೊಬ್ಬರಿ ಹಸಿಯಿತ್ತು.

ಕಾಳುಮೆಣಸು: ಕ್ವೆಚರ್ಸ್

ಕ್ವೆಚರ್ಸ್ ಎಂದರೆ ಉಪ್ಪು ಹಾಕಿ ದ್ರಾವಕದ ಪದರವನ್ನು ಬೇರ್ಪಡಿಸಿ, ಪುಡಿಗಳಿಂದ ಶುದ್ಧಮಾಡುವ ವೇಗದ ವಿಧಾನ. 2003ರಲ್ಲಿ ಪ್ರಕಟವಾದ ಇದು ಅರ್ಧ ದಿನದ ಕೆಲಸವನ್ನು ಅರ್ಧ ಗಂಟೆಗೆ ಇಳಿಸಿತು. ಮೂಲ ಅಳತೆ ಹಣ್ಣು–ತರಕಾರಿಯದು: 10 ಗ್ರಾಂ ಮಾದರಿ, 10 ಮಿ.ಲೀ. ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಒಣಗಿದ ಕಾಳುಮೆಣಸಿಗೆ ಇದನ್ನು ಹಾಗೆಯೇ ಹಾಕಿದರೆ ಸಾರ ಕೈಗೆ ಸಿಗುವುದಿಲ್ಲ, ಪುಡಿಯೇ ಎಲ್ಲ ದ್ರಾವಕವನ್ನು ಕುಡಿದುಬಿಡುತ್ತದೆ. 2 ಗ್ರಾಂ ಪುಡಿ, 10 ಮಿ.ಲೀ. ತಣ್ಣೀರು, 30 ನಿಮಿಷ ನೆನೆಸಿ. ಆಮೇಲೆ 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ ಒಂದು ನಿಮಿಷ ಕುಲುಕಿ. ಉಪ್ಪುಗಳು ಇದಾದ ಮೇಲೆಯೇ. ಮೆಗ್ನೀಸಿಯಂ ಸಲ್ಫೇಟ್ ನೀರು ಹೀರುವಾಗ ಕೊಳವೆ ಕೈಗೆ ತಾಗುವಷ್ಟು ಬಿಸಿಯಾಗುತ್ತದೆ, ಕೂಡಲೇ ಕುಲುಕದಿದ್ದರೆ ತಳದಲ್ಲಿ ಗಟ್ಟಿ ಗಡ್ಡೆ ಕಟ್ಟುತ್ತದೆ. ಮೆಣಸನ್ನು ಪುಡಿ ಮಾಡುವ ಮೊದಲು ಫ್ರೀಜರಿನಲ್ಲಿಟ್ಟಿರಿ. ಗಿರಣಿಯ ಬಿಸಿಗೆ ಆವಿಯಾಗುವ ಕೀಟನಾಶಕಗಳು ಹೋಗುತ್ತವೆ.

ಸೆಂಟ್ರಿಫ್ಯೂಜಿನಲ್ಲಿ 3000 ಜಿ ಬಲಕ್ಕಿಂತ ಮೇಲೆ 5 ನಿಮಿಷ ತಿರುಗಿಸಿ, ಮೇಲಿನ ಪದರದ 1 ಮಿ.ಲೀ.ಯನ್ನು 150 ಮಿ.ಗ್ರಾಂ. ಮೆಗ್ನೀಸಿಯಂ ಸಲ್ಫೇಟ್, 50 ಮಿ.ಗ್ರಾಂ. ಪಿಎಸ್‌ಎ, 50 ಮಿ.ಗ್ರಾಂ. ಸಿ18 (ಕೊನೆಯವೆರಡೂ ಬೇಡದ್ದನ್ನು ಹಿಡಿದಿಡುವ ಪುಡಿಗಳು) ಇರುವ ಸಣ್ಣ ಕೊಳವೆಗೆ ಹಾಕಿ ಮತ್ತೆ ಕುಲುಕಿ, ತಿರುಗಿಸಿ. ಪಿಎಸ್‌ಎ ಕೊಬ್ಬಿನಾಮ್ಲ, ಸಕ್ಕರೆಗಳನ್ನು ಹಿಡಿಯುತ್ತದೆ. 2,4-ಡಿಯಂಥ ಆಮ್ಲೀಯ ಕಳೆನಾಶಕಗಳನ್ನೂ ಹಿಡಿಯುತ್ತದೆ, ಅವು ಬೇಕಿದ್ದರೆ ಪಿಎಸ್‌ಎ ಬಿಡಿ. ಹಸಿರು ಬಣ್ಣ ತೆಗೆಯಲು ಇಂಗಾಲದ ಪುಡಿ ಹಾಕುವವರು ಚಪ್ಪಟೆ ಅಣುಗಳೂ, ಉದಾಹರಣೆಗೆ ಹೆಕ್ಸಾಕ್ಲೋರೋಬೆನ್ಜೀನ್, ಅದರ ಜೊತೆ ಹೋಗುತ್ತವೆಂದು ತಿಳಿದಿರಬೇಕು. ಇಷ್ಟೆಲ್ಲ ಮಾಡಿದರೂ ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಮತ್ತು ರಾಳ ಸಾಕಷ್ಟು ಉಳಿಯುತ್ತವೆ. ಹಾಗಾಗಿ ಪ್ರಮಾಣಿತ ದ್ರಾವಣಗಳನ್ನು ಬರಿಯ ದ್ರಾವಕದಲ್ಲಿ ಮಾಡದೆ, ಔಷಧಿ ಹೊಡೆಯದ ಮೆಣಸಿನ ಸಾರದಲ್ಲೇ ಮಾಡಿ. ಲೆಕ್ಕ ಹಾಕುವಾಗ ಈ ಸಾರದ 1 ಮಿ.ಲೀ. ಎಂದರೆ 0.2 ಗ್ರಾಂ ಮೆಣಸು, 1 ಗ್ರಾಂ ಅಲ್ಲ.

ಅಡಿಕೆಯ ಅರೆಕೊಲಿನ್: ಆಮ್ಲ–ಕ್ಷಾರದ ದಾರಿ

ಅರೆಕೊಲಿನ್ ಅಡಿಕೆಯ ಒಂದು ಆಲ್ಕಲಾಯ್ಡ್, ಅಂದರೆ ಸಸ್ಯದಲ್ಲಿರುವ ಕ್ಷಾರಗುಣದ ವಸ್ತು. ಆಲ್ಕಲಾಯ್ಡುಗಳು ಆಮ್ಲದಲ್ಲಿ ಲವಣವಾಗಿ ನೀರಿಗೆ ಇಳಿಯುತ್ತವೆ, ಕ್ಷಾರದಲ್ಲಿ ಮತ್ತೆ ದ್ರಾವಕಕ್ಕೆ ಏರುತ್ತವೆ. ಹಾಗೆ ಇಳಿಸಿ ಏರಿಸುವಾಗ ಕೊಬ್ಬು, ಬಣ್ಣ, ಟ್ಯಾನಿನ್ ಹಿಂದೆ ಉಳಿಯುತ್ತವೆ. ಚಾಲಿ ಅಡಿಕೆಯ ನುಣ್ಣನೆ ಪುಡಿ 5 ಗ್ರಾಂ; ಸ್ವಲ್ಪ ಅಮೋನಿಯಾ ದ್ರಾವಣದಿಂದ ಒದ್ದೆ ಮಾಡಿ, ಕ್ಲೋರೋಫಾರ್ಮ್ 50 ಮಿ.ಲೀ. ಹಾಕಿ ಒಂದು ಗಂಟೆ ಅಲುಗಿಸಿ, ಸೋಸಿ. ಇದನ್ನೇ ಇನ್ನೆರಡು ಸಲ. ಕ್ಲೋರೋಫಾರ್ಮನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ (0.1 ಮೋಲಾರ್) 20 ಮಿ.ಲೀ.ಯಂತೆ ಮೂರು ಸಲ ತೊಳೆದರೆ ಅರೆಕೊಲಿನ್ ಆಮ್ಲದ ನೀರಿಗೆ ಬರುತ್ತದೆ. ಆ ನೀರನ್ನು ಅಮೋನಿಯಾದಿಂದ ಪಿಎಚ್ 9ಕ್ಕೆ ತಂದು, ಉಪ್ಪು ಕರಗುವಷ್ಟು ಹಾಕಿ, ಮತ್ತೆ ಕ್ಲೋರೋಫಾರ್ಮಿಗೆ ತೆಗೆಯಿರಿ.

ಉಪ್ಪು ಏಕೆಂದರೆ, ಅರೆಕೊಲಿನ್ ಬರಿಯ ಕ್ಷಾರರೂಪದಲ್ಲೂ ನೀರನ್ನು ಬಿಡಲೊಲ್ಲದು. ನೀರಿಗೆ ಉಪ್ಪು ತುಂಬಿದರೆ ಮಾತ್ರ ಹೊರಬರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಮುಟ್ಟಬೇಡಿ: ಅರೆಕೊಲಿನ್ ಒಂದು ಎಸ್ಟರ್, ಗಟ್ಟಿ ಕ್ಷಾರದಲ್ಲಿ ಒಡೆದು ಅರೆಕೈಡಿನ್ ಆಗುತ್ತದೆ, ಅದು ದ್ರಾವಕಕ್ಕೆ ಬರುವುದೇ ಇಲ್ಲ. ಇನ್ನೊಂದು ಮೋಸ ಕೊನೆಯಲ್ಲಿದೆ. ಶುದ್ಧ ಅರೆಕೊಲಿನ್ ಎಣ್ಣೆಯಂಥ ದ್ರವ, ಆವಿಯಾಗುವ ಗುಣದ್ದು. ಕ್ಲೋರೋಫಾರ್ಮನ್ನು ಬಿಸಿಯಲ್ಲಿ ಒಣಗಿಸಿದರೆ ಅದೂ ಜೊತೆಗೆ ಹೋಗುತ್ತದೆ. ಒಂದೆರಡು ಹನಿ ಆಮ್ಲ ಸೇರಿಸಿ ಲವಣವಾಗಿಸಿ, ಆಮೇಲೆ ಒಣಗಿಸಿ.

ಫಲಿತಾಂಶ ಸರಿಯೋ ಎಂದು ನೋಡುವುದು

ಪ್ರತಿ ಕಂತಿನ ಜೊತೆ ಮೂರು ಇರಲಿ: ಮಾದರಿ ಇಲ್ಲದ ಖಾಲಿ ಸಾರ, ಗೊತ್ತಿರುವ ಪ್ರಮಾಣ ಸೇರಿಸಿದ ಮಾದರಿ, ಒಂದೇ ಮಾದರಿಯ ಎರಡು ಪಾಲು. ಸೇರಿಸಿದ್ದರಲ್ಲಿ ಶೇ. 70ರಿಂದ 120 ಮರಳಿ ಸಿಕ್ಕರೆ ಕೀಟನಾಶಕ ವಿಶ್ಲೇಷಣೆಯಲ್ಲಿ ಒಪ್ಪಿಕೊಳ್ಳುತ್ತಾರೆ. ಕಡಿಮೆ ಬಂದಾಗ ಎಲ್ಲವನ್ನೂ ಮೊದಲಿನಿಂದ ಮಾಡುವ ಮುನ್ನ ಯಾವುದು ಕಡಿಮೆಯಾಗಿದೆ ಎಂದು ನೋಡಿ. ಟೆಟ್ರಾಕ್ಲೋರೋ ಮೆಟಾ ಕ್ಸೈಲೀನ್ ಮಾತ್ರ ಕಡಿಮೆ, ಡೆಕಾಕ್ಲೋರೋಬೈಫಿನೈಲ್ ಸರಿ ಎಂದಾದರೆ ಕುಗ್ಗಿಸುವಾಗ ಒಣಗಿಸಿದ್ದೀರಿ. ಮೊದಲನೆಯದು ಬೇಗ ಆವಿಯಾಗುತ್ತದೆ. ಎರಡೂ ಸಮನಾಗಿ ಕಡಿಮೆಯಾದರೆ ಎಮಲ್ಷನ್ನಿನಲ್ಲೋ ಪಾತ್ರೆ ಬದಲಿಸುವಾಗಲೋ ಸಾರ ಚೆಲ್ಲಿದೆ. ಎರಡೂ ಸರಿಯಿದ್ದು ಆಲ್ಫಾ, ಬೀಟಾ ಮಾತ್ರ ಕಡಿಮೆಯಾದರೆ ಎಲ್ಲೋ ಕ್ಷಾರ ತಾಗಿದೆ: ಸುಣ್ಣ ಹಾಕಿದ ಬಾವಿ, ಇಲ್ಲವೇ ಸೋಪಿನಿಂದ ತೊಳೆದು ಸರಿಯಾಗಿ ಜಾಲಾಡದ ಗಾಜು. ಎಂಡೋಸಲ್ಫಾನ್ ಸಲ್ಫೇಟ್ ಮಾತ್ರ ಕಾಣೆಯಾದರೆ ಫ್ಲೋರಿಸಿಲಿನ ಕೊನೆಯ ಪಾಲನ್ನು ಹುಡುಕಿ. ಖಾಲಿ ಸಾರದಲ್ಲೇ ದೊಡ್ಡ ಶಿಖರಗಳು ಬಂದರೆ ಪ್ಲಾಸ್ಟಿಕ್ ತೊಳೆಬಾಟಲಿ, ಕೈಗವಸು, ಕಾಯಿಸದ ಸೋಡಿಯಂ ಸಲ್ಫೇಟ್, ಈ ಕ್ರಮದಲ್ಲಿ ಸಂಶಯಪಡಿ.

ಬಳಸಿದ ದ್ರಾವಕವನ್ನು ಸಿಂಕಿಗೆ ಸುರಿಯಬಾರದು. ಮುರಕಲ್ಲು ತೂತು ತೂತಿನ ಕಲ್ಲು, ಸೋರಿದ್ದು ನೇರ ಬಾವಿಗೆ ಇಳಿಯುತ್ತದೆ. ಕ್ಲೋರಿನ್ ಇರುವ ದ್ರಾವಕಗಳಿಗೆ ಒಂದು ಡಬ್ಬ, ಹೆಕ್ಸೇನ್–ಅಸಿಟೋನ್–ಅಸಿಟೋನೈಟ್ರೈಲ್‌ಗೆ ಇನ್ನೊಂದು, ಎರಡಕ್ಕೂ ಹೆಸರು ಬರೆದ ಚೀಟಿ. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಒಂದೇ ಡಬ್ಬದಲ್ಲಿ ಸೇರಿ ಅದಕ್ಕೆ ಕ್ಷಾರ ಬಿದ್ದರೆ ಮಿಶ್ರಣ ತಾನಾಗಿ ಕಾದು ಡಬ್ಬವನ್ನೇ ಸಿಡಿಸಬಲ್ಲದು. ಅಡಿಕೆಯ ಕೆಲಸ ಮುಗಿಸಿ ಆಲಿಕೆಯನ್ನು ಅಸಿಟೋನಿನಿಂದ ತೊಳೆದ ನೀರನ್ನು ಎಲ್ಲಿ ಸುರಿಯುತ್ತಿದ್ದೀರಿ ಎಂದು ಚೀಟಿ ಓದಿ ಸುರಿಯಿರಿ.